ರಾಯಚೂರಿನ ಒಂದು ‘ಹೃದಯ ತಪಾಸಣೆ ಪ್ಯಾಕೇಜ್’: ರಕ್ತದ ಕೆಲಸ ಚೊಕ್ಕ, ಟೇಪು ಮಾತ್ರ ಇಲ್ಲ

ಸಿಂಧನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ನನ್ನ ತಮ್ಮನಿಗೆ ಈಗ 41 ವರ್ಷ. ಅವನ ಓರಗೆಯ ವ್ಯಾಪಾರಿಯೊಬ್ಬರು ಗಲ್ಲಾದ ಮುಂದೆ ಕುಳಿತಿದ್ದಾಗಲೇ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ ಮೇಲೆ, ವರ್ಷಗಳಿಂದ ಮುಂದೂಡುತ್ತಿದ್ದ ತಪಾಸಣೆಗೆ ತಾನಾಗಿಯೇ ಒಪ್ಪಿಕೊಂಡ. ಮೇ ತಿಂಗಳ ಒಂದು ಬೆಳಿಗ್ಗೆ, ಬಿಸಿಲೇರುವ ಮೊದಲೇ, ರಾಯಚೂರಿನ ಖಾಸಗಿ ಡಯಾಗ್ನೋಸ್ಟಿಕ್ ಕೇಂದ್ರವೊಂದಕ್ಕೆ ಅವನನ್ನು ಕರೆದೊಯ್ದೆ. ‘ಹೃದಯ ಮತ್ತು ಸಕ್ಕರೆ ಸಂಪೂರ್ಣ ತಪಾಸಣೆ, 72 ಪರೀಕ್ಷೆ, 1,499 ರೂಪಾಯಿ’ ಎಂಬ ಪ್ಯಾಕೇಜ್ ಅದು.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ರಕ್ತ ತೆಗೆದ ಹುಡುಗಿಯ ಕೈ ಪಳಗಿದ ಕೈ. ಒಂದೇ ಚುಚ್ಚಿಗೆ ನರ ಸಿಕ್ಕಿತು. ಸೂಜಿಯ ಪೊಟ್ಟಣವನ್ನು ನಮ್ಮೆದುರಿಗೇ ಒಡೆದು, ಹೆಸರು ಮತ್ತು ವಯಸ್ಸನ್ನು ತಮ್ಮನ ಬಾಯಿಂದಲೇ ಕೇಳಿ, ಆಮೇಲೆ ಕೊಳವೆಗೆ ಚೀಟಿ ಅಂಟಿಸಿದರು. ವರದಿ ಹೇಳಿದ ಹೊತ್ತಿಗೆ, ಅಂದೇ ಸಂಜೆ, ಮೊಬೈಲಿಗೆ ಬಂತು.

72ರ ಲೆಕ್ಕ ಮಾತ್ರ ಬೇರೆಯೇ. ಕೊಬ್ಬಿನ ಪರೀಕ್ಷೆಯ ಪುಟದಲ್ಲಿ ಎಂಟು ಸಾಲುಗಳಿದ್ದು, ನಿಜವಾಗಿ ಅಳೆದದ್ದು ಮೂರೇ ಎಂದು ನೋಡುತ್ತಿದ್ದಂತೆಯೇ ತಿಳಿಯುತ್ತದೆ: ಒಟ್ಟು ಕೊಲೆಸ್ಟ್ರಾಲ್ 198, ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್ 36, ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 210. ‘ಕೆಟ್ಟ ಕೊಲೆಸ್ಟ್ರಾಲ್’ ಎಂದು ಕರೆಯುವ ಎಲ್‌ಡಿಎಲ್ 120 ಎಂದು ಬರೆದಿದ್ದರಲ್ಲ, ಅದು 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರದ ಫಲ. ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿದರೆ 42. 198ರಲ್ಲಿ 36ನ್ನೂ 42ನ್ನೂ ಕಳೆದರೆ 120. ಲೆಕ್ಕ ಹಾಕುವುದು ತಪ್ಪಲ್ಲ, ಹಲವು ಕಡೆ ಹಾಗೆಯೇ ಮಾಡುತ್ತಾರೆ. ಆದರೆ ಟ್ರೈಗ್ಲಿಸರೈಡ್ ಏರಿದಷ್ಟೂ ಈ ಸೂತ್ರದ ಭರವಸೆ ಇಳಿಯುತ್ತದೆ, 400 ದಾಟಿದರೆ ಬಳಸುವಂತೆಯೇ ಇಲ್ಲ. ಕೂಡಿ-ಕಳೆದು ಬಂದ ಅಂಕಿಗಳನ್ನೂ ಅನುಪಾತಗಳನ್ನೂ ಒಂದೊಂದು ‘ಪರೀಕ್ಷೆ’ ಎಂದು ಎಣಿಸಿ ದರಪಟ್ಟಿ ಉಬ್ಬಿಸುವುದು ಗಿರಾಕಿಗೆ ಹೇಳಬೇಕಾದ ಸಂಗತಿಯನ್ನು ಮುಚ್ಚಿಟ್ಟಂತೆಯೇ.

ರಕ್ತದೊತ್ತಡದ ವಿಷಯದಲ್ಲಿ ನನ್ನ ಆಕ್ಷೇಪ ಇನ್ನೂ ದೊಡ್ಡದು. ಎರಡು ಮಹಡಿ ಮೆಟ್ಟಿಲು ಹತ್ತಿ ಬಂದವನನ್ನು ಸ್ಟೂಲಿನ ಮೇಲೆ ಕೂರಿಸಿ, ತುಂಬುತೋಳಿನ ಅಂಗಿಯ ಮೇಲೆಯೇ ಪಟ್ಟಿ ಸುತ್ತಿ, ಪಟ್ಟಿಗೆ ಗಾಳಿ ತುಂಬುತ್ತಿರುವಾಗಲೇ ಊರು ಯಾವುದು, ಫೋನ್ ನಂಬರ್ ಎಷ್ಟು ಎಂದು ವಿಚಾರಿಸಿದರು. 148/94 ಬಂತು. ಪ್ಯಾಕೇಜಿನೊಳಗೇ ಸೇರಿದ್ದ ವೈದ್ಯರು ಮಾತ್ರೆ ಬರೆಯಲು ಪೆನ್ನು ತೆಗೆದಾಗ ನಾನು ಈ ಸಂಗತಿ ಹೇಳಿದೆ. ಅವರು ಬೇಸರಿಸದೆ, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ತೋಳನ್ನು ಬರಿದು ಮಾಡಿಸಿ ಮೇಜಿನ ಮೇಲಿಡಿಸಿ, ಸುಮ್ಮನಿರಲು ಹೇಳಿ ತಾವೇ ನೋಡಿದರು: 128/82. ಮಾತ್ರೆ ತಪ್ಪಿತು. ವರದಿಯಲ್ಲಿ ಮಾತ್ರ ಇಂದಿಗೂ ಹಳೆಯ ಅಂಕಿಯೇ ಕುಳಿತಿದೆ.

ಪೆನ್ನು ಕೆಳಗಿಟ್ಟ ಮೇಲೆ ವೈದ್ಯರಿಗೆ ಉಳಿದ ಮಾತು ‘ತೂಕ ಸರಿಯಿದೆ, ಎಣ್ಣೆ ಕಡಿಮೆ ಮಾಡಿ’ ಎಂಬುದೊಂದೇ. 170 ಸೆಂಟಿಮೀಟರ್ ಎತ್ತರ, 64 ಕಿಲೋ ತೂಕ, ಎತ್ತರಕ್ಕೆ ತೂಕ ತಕ್ಕುದೇ ಎಂದು ಹೇಳುವ ಬಿಎಂಐ 22.1, ಪಕ್ಕದಲ್ಲಿ ಹಸಿರು ಗುರುತು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಚಿತ್ರ ಪ್ರಕಟಿಸಿದ್ದರು. ಇಬ್ಬರ ಬಿಎಂಐ 22.3, ಆದರೆ ದೇಹದ ಕೊಬ್ಬು ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ತೆಳ್ಳಗೆ ಕಂಡರೂ ಹೊಟ್ಟೆಯಲ್ಲಿ ಕೊಬ್ಬು ಹೊತ್ತಿರುವ ನಮ್ಮವರಿಗೆ ಹಸಿರು ಗುರುತಿನ ಆಸರೆ ಎಷ್ಟು ತೆಳುವೆಂಬುದು ಆ ಒಂದು ಚಿತ್ರದಲ್ಲೇ ಇದೆ. 52 ದೇಶಗಳಲ್ಲಿ ನಡೆದು ಅದೇ ವರ್ಷ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವೂ ಹೃದಯಾಘಾತದ ಒಂಬತ್ತು ಮುಖ್ಯ ಕಾರಣಗಳ ಸಾಲಿನಲ್ಲಿ ಹೊಟ್ಟೆಯ ಬೊಜ್ಜನ್ನು ಸೊಂಟ-ನಿತಂಬಗಳ ಅಳತೆಯಿಂದಲೇ ಗುರುತಿಸಿತ್ತು.

72 ಪರೀಕ್ಷೆಗಳಲ್ಲಿ ಸೊಂಟದ ಅಳತೆ ಇರಲಿಲ್ಲ. ಮನೆಗೆ ಬಂದು ನನ್ನ ಹೆಂಡತಿಯ ಹೊಲಿಗೆ ಡಬ್ಬಿಯಿಂದ ಟೇಪು ತಂದಾಗ ತಮ್ಮ, ‘ಇಷ್ಟು ರಕ್ತ ಕೊಟ್ಟು ಬಂದೀನಿ, ಇನ್ನ ಟೇಪ್ ಯಾಕಣ್ಣ, ಅಂಗಿ ಹೊಲಸ್ತೀಯೇನು?’ ಎಂದು ನಕ್ಕ. ಪಕ್ಕೆಲುಬಿನ ಕೆಳಗೆ, ಸೊಂಟದ ಮೂಳೆಗಿಂತ ಮೇಲೆ, ಉಸಿರು ಬಿಟ್ಟಾಗ ಹಿಡಿದರೆ 92 ಸೆಂಟಿಮೀಟರ್. ದಕ್ಷಿಣ ಏಷ್ಯಾದ ಗಂಡಸರಿಗೆ ಮಿತಿ 90, ಹೆಂಗಸರಿಗೆ 80.

ಇಲ್ಲಿಗೆ ವರದಿಯ ದೊಡ್ಡ ಕೊರತೆ ತೆರೆದುಕೊಂಡಿತು. ಮಿತಿ ಮೀರಿದ ಸೊಂಟ, ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಗಂಡಸರಲ್ಲಿ ಎಚ್‌ಡಿಎಲ್ 40ಕ್ಕೆ ಕೆಳಗೆ, ರಕ್ತದೊತ್ತಡ 130/85 ಅಥವಾ ಹೆಚ್ಚು, ಬರಿಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು. ಈ ಐದರಲ್ಲಿ ಮೂರಿದ್ದರೆ ಮೆಟಬಾಲಿಕ್ ಸಿಂಡ್ರೋಮ್ (ಹೃದ್ರೋಗ, ಸಕ್ಕರೆ ಕಾಯಿಲೆಗಳ ಅಪಾಯ ಹೆಚ್ಚಿಸುವ ತೊಂದರೆಗಳ ಗುಂಪು) ಎಂಬುದು 2009ರಿಂದ ಅಂತರರಾಷ್ಟ್ರೀಯ ಸಂಸ್ಥೆಗಳು ಒಟ್ಟಾಗಿ ಒಪ್ಪಿದ ಲಕ್ಷಣ. ಇವುಗಳಲ್ಲಿ ಸೊಂಟವೊಂದನ್ನು ಬಿಟ್ಟು ಉಳಿದವು ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದ ಸ್ಥಿತಿಯೊಂದಿಗೆ ಹೆಣೆದುಕೊಂಡಿವೆ ಎಂದು ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ 1988ರಲ್ಲೇ ವಾದಿಸಿದ್ದರು. ತಮ್ಮನ ಸಕ್ಕರೆ 104. ಸೊಂಟ ಸೇರಿ ನಾಲ್ಕು ಅವನಲ್ಲಿವೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.0, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ವರದಿಯಲ್ಲಿ ಇವು ಬೇರೆ ಬೇರೆ ಪುಟಗಳಲ್ಲಿ ‘ಸ್ವಲ್ಪ ಹೆಚ್ಚು’, ‘ಸ್ವಲ್ಪ ಕಡಿಮೆ’ ಎಂದು ಚೆಲ್ಲಿಹೋಗಿದ್ದವು. ಎಣ್ಣೆಯ ಮಾತೂ ಅರ್ಧ ಸತ್ಯ: ಕಾಲುವೆ ನೀರಿನ ಊರಲ್ಲಿ ಎರಡು ಹೊತ್ತೂ ಬಟ್ಟಲು ತುಂಬ ಬಿಳಿ ಅನ್ನ, ನಡುವೆ ಐದಾರು ಸಕ್ಕರೆ ಚಹಾ ಹಾಕುವವನ ಟ್ರೈಗ್ಲಿಸರೈಡಿಗೆ ಸಂಜೆಯ ಮಿರ್ಚಿಯೊಂದನ್ನೇ ದೂರುವಂತಿಲ್ಲ.

ಇಸಿಜಿ ಕೊಟ್ಟ ಹುಡುಗ ‘ಹಾರ್ಟ್ ಹಂಡ್ರೆಡ್ ಪರ್ಸೆಂಟ್ ಓಕೆ’ ಎಂದ. ಮಲಗಿದ್ದಾಗ ತೆಗೆದ ಇಸಿಜಿ ಸರಿಯಿದ್ದರೂ ರಕ್ತನಾಳದಲ್ಲಿ ಅಡ್ಡಿ ಇರಬಹುದು; ‘ಹಂಡ್ರೆಡ್ ಪರ್ಸೆಂಟ್’ ಎನ್ನುವ ರೂಢಿಯನ್ನು ಅವನಿಗೆ ಯಾರಾದರೂ ಬಿಡಿಸಬೇಕು. ಪ್ಯಾಕೇಜಿನಲ್ಲಿದ್ದ ಕ್ಯಾನ್ಸರ್ ಮಾರ್ಕರ್‌ಗಳಿಗೂ ಹೃದಯಕ್ಕೂ ಏನು ಸಂಬಂಧವೋ ನನಗೆ ಹೊಳೆಯಲಿಲ್ಲ.

ಐದಕ್ಕೆ ಎರಡೂವರೆ ಅಂಕ ಕೊಡುತ್ತೇನೆ, ಅದರಲ್ಲಿ ಎರಡು ರಕ್ತ ತೆಗೆದ ಹುಡುಗಿಯದು. ಆಗಸ್ಟ್‌ನಲ್ಲಿ ಮತ್ತೆ ಅಲ್ಲಿಗೇ ಹೋಗುತ್ತೇವೆ. ಪ್ಯಾಕೇಜ್ ಬೇಡ, ಕೊಬ್ಬಿನ ಪರೀಕ್ಷೆ, ಬರಿಹೊಟ್ಟೆಯ ಸಕ್ಕರೆ ಮತ್ತು ಎಚ್‌ಬಿಎ1ಸಿ ಇಷ್ಟನ್ನೇ ಬಿಡಿಯಾಗಿ ಮಾಡಿಸುತ್ತೇವೆ. ಟೇಪನ್ನು ತಮ್ಮ ಈಗಾಗಲೇ ಸಿಂಧನೂರಿಗೆ ಒಯ್ದಿದ್ದಾನೆ, ಹೆಂಡತಿ ಹೊಸದು ಕೊಡಿಸಿ ಎನ್ನುತ್ತಿದ್ದಾಳೆ.