ಸೆಪಾ ಇನ್‌ಸ್ಟಂಟ್: ದಿನಾ ಬಳಸುವವಳ ಅನುಭವ

ನೆದರ್‌ಲ್ಯಾಂಡ್ಸ್‌ನ ಒಂದು ಸಣ್ಣ ಕಂಪನಿಯಲ್ಲಿ ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಇಟಲಿಯಿಂದ ಯಂತ್ರದ ಬಿಡಿಭಾಗ, ಪೋರ್ಚುಗಲ್‌ನಿಂದ ಪ್ಯಾಕಿಂಗ್ ಸಾಮಾನು ಬರುತ್ತೆ. ಸಾಗಿಸೋದು ಲಿಥುವೇನಿಯಾದ ಲಾರಿಯವರು. ಇವರಿಗೆಲ್ಲ ಯೂರೋದಲ್ಲಿ ದುಡ್ಡು ಕಳಿಸುವ ಕೆಲಸ ನನ್ನದು. ಬ್ಯಾಂಕಿನಿಂದ ಬ್ಯಾಂಕಿಗೆ ಕೆಲವೇ ಸೆಕೆಂಡಿನಲ್ಲಿ ಯೂರೋ ಕಳಿಸುವ ಸೆಪಾ ಇನ್‌ಸ್ಟಂಟ್ ನನಗೆ ತುಂಬಾ ಇಷ್ಟವಾಗಿದೆ. ಬೇಜಾರೇನಿದ್ದರೂ ಬ್ಯಾಂಕುಗಳು ಅದನ್ನು ನಮ್ಮ ಕೈಗೆ ಕೊಡುವ ರೀತಿಯ ಮೇಲೆ.

ಸೆಪಾ ಅಂದರೆ ಆ್ಯಪ್ ಅಲ್ಲ, ಬ್ಯಾಂಕೂ ಅಲ್ಲ. ಯೂರೋ ಕಳಿಸೋಕೆ, ಪಡೆಯೋಕೆ ಬ್ಯಾಂಕುಗಳೆಲ್ಲ ಒಪ್ಪಿಕೊಂಡಿರುವ ಒಂದೇ ನಿಯಮಾವಳಿ. ಯುರೋಪಿಯನ್ ಪೇಮೆಂಟ್ಸ್ ಕೌನ್ಸಿಲ್ ಅದನ್ನು ನೋಡಿಕೊಳ್ಳುತ್ತದೆ. ಸೇರುವ ಬ್ಯಾಂಕ್ ಒಪ್ಪಂದಕ್ಕೆ ಸಹಿ ಹಾಕಬೇಕು. ಅದೂ ಮಾಮೂಲಿ ವರ್ಗಾವಣೆಗೆ ಬೇರೆ, ಇನ್‌ಸ್ಟಂಟ್‌ಗೆ ಬೇರೆ, ಡೈರೆಕ್ಟ್ ಡೆಬಿಟ್‌ಗೆ (ದುಡ್ಡು ಪಡೆಯುವವರೇ ನಮ್ಮ ಒಪ್ಪಿಗೆಯಿಂದ ನಮ್ಮ ಖಾತೆಯಿಂದ ತೆಗೆದುಕೊಳ್ಳುವುದು) ಬೇರೆ. ಬರೀ ಸಹಿ ಸಾಲದು, ದುಡ್ಡು ಹೋಗೋಕೆ ದಾರಿಯೂ ಬೇಕಲ್ವಾ? ಯುರೋಪಿನ ಕೇಂದ್ರ ಬ್ಯಾಂಕುಗಳು ನಡೆಸುವ ಟಿಪ್ಸ್, ಬ್ಯಾಂಕುಗಳದ್ದೇ ಕಂಪನಿಯಾದ ಇಬಿಎ ಕ್ಲಿಯರಿಂಗ್‌ನ ಆರ್‌ಟಿ1, ಇವೆರಡು ಅಂಥ ದೊಡ್ಡ ದಾರಿಗಳು. ಸಣ್ಣ ಬ್ಯಾಂಕುಗಳು ಎಷ್ಟೋ ಸಲ ದೊಡ್ಡ ಬ್ಯಾಂಕೊಂದರ ಮೂಲಕ ಒಳಗೆ ಬರುತ್ತವೆ. ಯಾರ್ಯಾರು ಸೇರಿದ್ದಾರೆ ಅನ್ನೋ ಪಟ್ಟಿ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತೆ. ಹೊಸ ಸಪ್ಲೈಯರ್ ಬಂದರೆ ಅವರ ಬ್ಯಾಂಕನ್ನು ನಾನು ಮೊದಲು ಅಲ್ಲಿ ಹುಡುಕುತ್ತೇನೆ.

ಈ ಸೇವೆ ಶುರುವಾಗಿದ್ದು 2017ರ ನವೆಂಬರ್‌ನಲ್ಲಿ. ಆಗ ಸೇರೋದು ಬಿಡೋದು ಬ್ಯಾಂಕಿನ ಇಷ್ಟ. ನಮ್ಮ ಬ್ಯಾಂಕ್ ಸೇರಿದ್ದರೂ ಆ ಕಡೆಯ ಬ್ಯಾಂಕ್ ಸೇರಿಲ್ಲದಿದ್ದರೆ ಏನೂ ಪ್ರಯೋಜನ ಇರಲಿಲ್ಲ. ಕೆಲವು ಬ್ಯಾಂಕುಗಳು ಇದಕ್ಕೆ ಜಾಸ್ತಿ ಶುಲ್ಕವನ್ನೂ ಹಾಕುತ್ತಿದ್ದವು. 2024ರಲ್ಲಿ ಯುರೋಪಿಯನ್ ಯೂನಿಯನ್ ಕಾನೂನು ತಂದ ಮೇಲೆ ನನ್ನ ಕೆಲಸ ನಿಜಕ್ಕೂ ಹಗುರಾಯಿತು. ಯೂರೋ ಬಳಸುವ ದೇಶಗಳ ಬ್ಯಾಂಕುಗಳು 2025ರ ಜನವರಿ 9ರಿಂದ ಇನ್‌ಸ್ಟಂಟ್ ಹಣ ಪಡೆಯಲೇಬೇಕು, ಅಕ್ಟೋಬರ್ 9ರಿಂದ ಕಳಿಸಲೂಬೇಕು. ಮಾಮೂಲಿ ವರ್ಗಾವಣೆಗಿಂತ ಜಾಸ್ತಿ ದುಡ್ಡು ಕೇಳುವ ಹಾಗಿಲ್ಲ. ಒಂದು ಸಲಕ್ಕೆ 1 ಲಕ್ಷ ಯೂರೋ ಅನ್ನೋ ಮಿತಿಯೂ ಹೋಯಿತು. ಬೇಕಿದ್ದರೆ ಮಿತಿಯನ್ನು ನಾವೇ ಹಾಕಿಕೊಳ್ಳಬಹುದು. ನಮ್ಮ ಕಂಪನಿಯಲ್ಲಿ ಹಾಕಿಸಿದ್ದೇನೆ, ನೀವೂ ಹಾಕಿಸಿ.

ಇದರ ಬೆಲೆ ಗೊತ್ತಾಗಬೇಕಾದರೆ ಈಸ್ಟರ್ ಬರಬೇಕು. ಗುಡ್ ಫ್ರೈಡೆಯಿಂದ ಈಸ್ಟರ್ ಸೋಮವಾರದ ತನಕ ಮಾಮೂಲಿ ಸೆಪಾಗೆ ರಜೆ. ಅಂಥ ಒಂದು ಶನಿವಾರ ರಾತ್ರಿ ಇಟಲಿಯ ಸಪ್ಲೈಯರ್ ಫೋನ್ ಮಾಡಿದರು. ಲಾರಿ ಗೇಟಿನಲ್ಲಿ ನಿಂತಿದೆ, ಬಾಕಿ ದುಡ್ಡು ಬಂದರೆ ಮಾತ್ರ ಲೋಡ್ ಮಾಡುತ್ತೇವೆ ಅಂದರು. ಸುಮಾರು 18,000 ಯೂರೋ. ಫೋನ್ ಕಟ್ ಮಾಡದೆ ಅಲ್ಲೇ ಕಳಿಸಿದೆ. ನನ್ನ ಸ್ಕ್ರೀನಿನಲ್ಲಿ ಹಸಿರು ಟಿಕ್ ಬರುವಷ್ಟರಲ್ಲಿ ಅವರು ‘ಬಂತು’ ಅಂದರು. ನಿಯಮದ ಪ್ರಕಾರ 10 ಸೆಕೆಂಡಿನೊಳಗೆ ದುಡ್ಡು ಆ ಕಡೆಯ ಖಾತೆಯಲ್ಲಿ ಇರಬೇಕು, ಇಲ್ಲವೇ ಆಗಲಿಲ್ಲ ಅಂತ ಸುದ್ದಿ ಬರಬೇಕು. ನಡುವೆ ತ್ರಿಶಂಕು ಸ್ಥಿತಿ ಇಲ್ಲ. ಮಾಮೂಲಿ ದಾರಿಯಲ್ಲಿ ಕಳಿಸಿದ್ದರೆ ಲಾರಿ ಮಂಗಳವಾರದವರೆಗೆ ಕಾಯಬೇಕಿತ್ತು.

ಇನ್ನು ಹೆಸರಿನ ಪರಿಶೀಲನೆ. ದುಡ್ಡು ಕಳಿಸುವ ಮುಂಚೆ ಐಬ್ಯಾನ್ (ಖಾತೆಯ ಅಂತರರಾಷ್ಟ್ರೀಯ ನಂಬರ್) ಮತ್ತು ಹೆಸರು ಹೊಂದುತ್ತವೆಯಾ ಅಂತ ಬ್ಯಾಂಕ್ ಉಚಿತವಾಗಿ ನೋಡಿ ಹೇಳಬೇಕು. ಹೊಂದುತ್ತದೆ, ಹತ್ತಿರವಿದೆ, ಹೊಂದುವುದಿಲ್ಲ, ನೋಡಲು ಆಗಲಿಲ್ಲ, ಹೀಗೆ ನಾಲ್ಕು ಉತ್ತರ. ನಮಗೆ ಡಿಸೈನ್ ಮಾಡಿಕೊಡುವ ಒಬ್ಬರು ಜರ್ಮನಿಯಲ್ಲಿರುವ ಕನ್ನಡಿಗರು. ಬಿಲ್ಲಿನಲ್ಲಿ ಒಂದು ಇನಿಷಿಯಲ್ ಮತ್ತು ಹೆಸರು, ಬ್ಯಾಂಕಿನಲ್ಲಿ ಊರಿನ ಹೆಸರು, ತಂದೆ ಹೆಸರು ಎಲ್ಲ ಉದ್ದಕ್ಕೆ. ‘ಹತ್ತಿರವಿದೆ’ ಅಂತ ಬಂತು, ಜೊತೆಗೆ ಖಾತೆಯಲ್ಲಿರುವ ಪೂರ್ತಿ ಹೆಸರೂ ಬಂತು. ಅದನ್ನೇ ನಮ್ಮ ಪಟ್ಟಿಗೆ ಸೇರಿಸಿದೆ, ಮುಗಿಯಿತು. ಆದರೆ ಬಲ್ಕ್ ಫೈಲ್, ಅಂದರೆ ಹಲವರ ಪಾವತಿ ಒಟ್ಟಿಗೆ ಇರುವ ಒಂದೇ ಫೈಲ್ ಹಾಕಿದಾಗ ನಮ್ಮ ಬ್ಯಾಂಕ್ ‘ಕೆಲವು ಹೊಂದುತ್ತಿಲ್ಲ’ ಅಂತ ಮೇಲೊಂದು ಸಾಲು ತೋರಿಸುತ್ತದೆ. ಯಾವುದು ಅಂತ ಒಂದೊಂದೇ ತೆಗೆದು ನೋಡಬೇಕು. ಸಂಬಳದ ದಿನ ಇದು ದೊಡ್ಡ ಹಿಂಸೆ. ಬಲ್ಕ್ ಕಳಿಸುವ ಕಂಪನಿಗಳು ಈ ಪರಿಶೀಲನೆ ಬೇಡ ಅನ್ನಬಹುದು, ನಾನು ಅನ್ನುವುದಿಲ್ಲ. ದುಡ್ಡು ಒಮ್ಮೆ ಹೋದರೆ ವಾಪಸ್ ತರಿಸೋದು ಬಹಳ ಕಷ್ಟ. ಎಚ್ಚರಿಕೆ ಬಂದ ಮೇಲೂ ಕಳಿಸಿದರೆ ಸಾಮಾನ್ಯವಾಗಿ ಜವಾಬ್ದಾರಿ ನಮ್ಮದೇ. ‘ಹೊಂದುವುದಿಲ್ಲ’ ಅಂತ ಬಂದರೆ ಫೋನ್ ಮಾಡಿ ಕೇಳಿ. ಹೊಸ ಬಿಲ್ಲಿನಲ್ಲಿರುವ ನಂಬರಿಗಲ್ಲ, ನಿಮ್ಮ ಹತ್ತಿರ ಮೊದಲಿಂದ ಇರುವ ನಂಬರಿಗೆ.

ಪೋಲೆಂಡ್, ಸ್ವೀಡನ್‌ಗಳಂತೆ ಯೂನಿಯನ್‌ನಲ್ಲಿದ್ದೂ ಯೂರೋ ಬಳಸದ ದೇಶಗಳ ಬ್ಯಾಂಕುಗಳಿಗೆ 2027ರವರೆಗೆ ಸಮಯ ಕೊಟ್ಟಿದ್ದಾರೆ, ಪಡೆಯಲು ಜನವರಿ 9, ಕಳಿಸಲು ಜುಲೈ 9. ಸ್ವಿಟ್ಜರ್ಲೆಂಡ್, ಬ್ರಿಟನ್ ಸೆಪಾದಲ್ಲಿ ಇದ್ದರೂ ಈ ಕಾನೂನು ಅವುಗಳಿಗೆ ಅನ್ವಯಿಸುವುದಿಲ್ಲ. ಅಲ್ಲಿಗೆ ಅರ್ಜೆಂಟಾಗಿ ಕಳಿಸುವವರು ಮೊದಲು ಕೌನ್ಸಿಲ್‌ನ ಪಟ್ಟಿ ನೋಡಿ, ಆಮೇಲೆ ಸಪ್ಲೈಯರ್‌ಗೆ ಮಾತು ಕೊಡಿ.