ರಾಮ್ನಿ ಕಟ್ಟಿದ ವಿಮಾ ಮಾರುಕಟ್ಟೆ: ಮ್ಯಾಸಚೂಸೆಟ್ಸ್ ಹೆಲ್ತ್ ಕನೆಕ್ಟರ್ ಬಗ್ಗೆ ಬಳಕೆದಾರನೊಬ್ಬನ ವಿಮರ್ಶೆ

ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಉದ್ಯೋಗದ ಮೂಲಕ ಆರೋಗ್ಯ ವಿಮೆ ದೊರೆಯದವರು ವಿಮೆ ಕೊಳ್ಳುವ ಸರ್ಕಾರಿ ಮಾರುಕಟ್ಟೆಯ ಹೆಸರು ಹೆಲ್ತ್ ಕನೆಕ್ಟರ್. ಒಂದು ಕೆಲಸ ಬಿಟ್ಟು ಇನ್ನೊಂದು ಸೇರುವ ನಡುವಿನ ತಿಂಗಳುಗಳಲ್ಲಿ ನನ್ನ ಕುಟುಂಬಕ್ಕಾಗಿಯೂ, ಮುಂದೆ ಗ್ರೀನ್ ಕಾರ್ಡ್ ಪಡೆದು ಬಂದ ತಂದೆತಾಯಿಗಾಗಿಯೂ ನಾನು ಇದನ್ನು ಬಳಸಿದ್ದೇನೆ. ಈ ಸೇವೆಯ ಬಗ್ಗೆ ಬರೆಯುವಾಗ ಇದನ್ನು ಕಟ್ಟಿದ ಗವರ್ನರ್ ಮಿಟ್ ರಾಮ್ನಿ ಅವರನ್ನು ಬಿಟ್ಟು ಬರೆಯಲಾಗದು. 2003ರಿಂದ 2007ರ ಜನವರಿಯವರೆಗೆ ಅಧಿಕಾರದಲ್ಲಿದ್ದ ಅವರ ಅತ್ಯುತ್ತಮ ಕೆಲಸ ಇದೇ. ಇದೇ ಕೆಲಸಕ್ಕಾಗಿ ಅವರು ಅತಿ ಹೆಚ್ಚು ಬೈಗುಳ ತಿಂದದ್ದು ತಮ್ಮದೇ ರಿಪಬ್ಲಿಕನ್ ಪಕ್ಷದವರಿಂದ. (ಇಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ, ಜನರ ಮತದಿಂದ ನೇರವಾಗಿ ಆಯ್ಕೆಯಾಗಿ ಮುಖ್ಯಮಂತ್ರಿಯಂತೆ ಆಡಳಿತ ನಡೆಸುವವರು.) ಆ ಟೀಕೆ ಅನ್ಯಾಯದ್ದು ಎಂದು ನಾನು ನಂಬಿದ್ದೇನೆ, ಮತ್ತು ಹಾಗೆ ನಂಬಲು ಈ ಸೇವೆಯನ್ನು ಹತ್ತಿರದಿಂದ ಕಂಡದ್ದೇ ಮುಖ್ಯ ಕಾರಣ.

ಮೊದಲು ಸೇವೆಯ ವಿಚಾರ. ಅರ್ಜಿ ಒಂದೇ, ಮನೆಯಲ್ಲಿರುವವರು ಎಷ್ಟು ಮಂದಿ, ವರ್ಷದ ಆದಾಯವೆಷ್ಟು, ವಲಸೆಯ ಸ್ಥಿತಿ ಯಾವುದು ಎಂಬುದನ್ನು ತುಂಬಿದರೆ, ಬಡವರಿಗಾಗಿ ಇರುವ ಮಾಸ್‌ಹೆಲ್ತ್‌ಗೆ ನೀವು ಅರ್ಹರೋ, ಸಹಾಯಧನದ ವಿಮೆಗೆ ಅರ್ಹರೋ, ಅಥವಾ ಪೂರ್ತಿ ಬೆಲೆ ಕೊಟ್ಟೇ ಕೊಳ್ಳಬೇಕೋ ಎಂಬುದು ಅದೇ ಅರ್ಜಿಯಲ್ಲಿ ತೀರ್ಮಾನವಾಗುತ್ತದೆ. ಅನಂತರ ತೆರೆದುಕೊಳ್ಳುವ ಪುಟದಲ್ಲಿ ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂಬ ನಾಲ್ಕು ದರ್ಜೆಗಳಲ್ಲಿ ಬೇರೆಬೇರೆ ಕಂಪನಿಗಳ ಯೋಜನೆಗಳು ಪಕ್ಕಪಕ್ಕದಲ್ಲಿ ಕಾಣುತ್ತವೆ. ತಿಂಗಳ ಪ್ರೀಮಿಯಂ, ವಿಮೆ ಹಣ ಕೊಡಲು ಶುರುಮಾಡುವ ಮುನ್ನ ನಾವೇ ಭರಿಸಬೇಕಾದ ಡಿಡಕ್ಟಿಬಲ್, ವೈದ್ಯರನ್ನು ಒಮ್ಮೆ ಕಂಡರೆ ಕೊಡಬೇಕಾದ ಕೋಪೇ, ಇವೆಲ್ಲ ಒಂದೇ ಮಾದರಿಯಲ್ಲಿ ಬರೆದಿರುವುದರಿಂದ ಹೋಲಿಕೆ ಸುಲಭ. ವಿಮಾ ಏಜೆಂಟನ ಮಾತಿಗೆ ಕಟ್ಟುಬೀಳುವ ಅಗತ್ಯವೇ ಇಲ್ಲ. ತಿಂಗಳ 23ನೇ ತಾರೀಖಿನೊಳಗೆ ಮೊದಲ ಕಂತು ಕಟ್ಟಿದರೆ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ವಿಮೆ ಜಾರಿಗೆ ಬರುತ್ತದೆ.

ತಂದೆತಾಯಿಯ ವಿಷಯದಲ್ಲಿ ಇದರ ಬೆಲೆ ನನಗೆ ನಿಜವಾಗಿ ತಿಳಿಯಿತು. ಹೊಸದಾಗಿ ಗ್ರೀನ್ ಕಾರ್ಡ್ ಪಡೆದ ಹಿರಿಯರು ಇಲ್ಲಿ ಐದು ವರ್ಷ ವಾಸಿಸುವವರೆಗೆ ಹಿರಿಯರಿಗಾಗಿ ಕೇಂದ್ರ ಸರ್ಕಾರ ನಡೆಸುವ ಮೆಡಿಕೇರ್ ವಿಮೆಯನ್ನು ಹಣ ಕೊಟ್ಟು ಕೊಳ್ಳುವುದಕ್ಕೂ ಸಾಧ್ಯವಿಲ್ಲ. ಪ್ರವಾಸಿಗರಿಗೆಂದು ಮಾರುವ ವಿಮೆಯಲ್ಲಿ ಮೊದಲೇ ಇರುವ ಕಾಯಿಲೆಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇರುವ ನನ್ನ ತಂದೆಗೆ ಅಂಥ ವಿಮೆಯಿಂದ ಏನು ಪ್ರಯೋಜನ? ಕನೆಕ್ಟರ್‌ನ ಅರ್ಜಿಯಲ್ಲಿ ಕಾಯಿಲೆಯ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ವಯಸ್ಸಾದವರಿಗೆ ದರ ಹೆಚ್ಚೆಂಬುದು ನಿಜ, ಆದರೆ ರಾಷ್ಟ್ರೀಯ ನಿಯಮದಲ್ಲಿ ವಯಸ್ಕರ ಪೈಕಿ ಹಿರಿಯರಿಂದ ಕಿರಿಯರ ಮೂರು ಪಟ್ಟಿನವರೆಗೆ ವಸೂಲು ಮಾಡಬಹುದಾದರೆ ಈ ರಾಜ್ಯದಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ. ಅಪ್ಪ ತಮ್ಮ ಇನ್ಸುಲಿನ್‌ಗಾಗಿ ಔಷಧಿ ಅಂಗಡಿಯ ಕೌಂಟರಿನಲ್ಲಿ ವಿಮಾ ಕಾರ್ಡ್ ತೋರಿಸಿದಾಗ, ಎಷ್ಟು ಕೊಡಬೇಕೆಂದು ನನ್ನ ಮುಖ ನೋಡದೆ ತಾವೇ ಜೇಬಿನಿಂದ ಹಣ ತೆಗೆದುಕೊಟ್ಟರು. ಮಗನ ಮೇಲೆ ಭಾರವಾಗಿದ್ದೇನೆಂಬ ಸಂಕೋಚದಲ್ಲಿ ಬದುಕುವ ವಯಸ್ಸಿನವರಿಗೆ ಅದು ಸಣ್ಣ ವಿಷಯವಲ್ಲ.

ಕಾಯಿಲೆ ಇದೆಯೇ ಎಂದು ಕೇಳದೆ ವಿಮೆ ಮಾರಬೇಕೆಂಬ ನಿಯಮವನ್ನು ಈ ರಾಜ್ಯ 1996ರಲ್ಲೇ ತಂದಿತ್ತು. ಆದರೆ ಕಾಯಿಲೆ ಬಂದ ಮೇಲೆ ಕೊಂಡರೂ ನಡೆಯುತ್ತದೆ ಎಂದಾದರೆ ಆರೋಗ್ಯವಂತರು ಏಕೆ ಕೊಂಡಾರು? ಅವರು ದೂರ ಉಳಿದಂತೆಲ್ಲ ಬಿಡಿಯಾಗಿ ಕೊಳ್ಳುವವರ ದರ ಏರುತ್ತ ಹೋಯಿತು. ಇತ್ತ 1986ರಲ್ಲಿ ಅಧ್ಯಕ್ಷ ರೇಗನ್ ಅವರು ಸಹಿ ಹಾಕಿದ ಕಾನೂನಿನಂತೆ ತುರ್ತು ಚಿಕಿತ್ಸೆಗೆ ಬಂದವರನ್ನು, ಕೈಯಲ್ಲಿ ಹಣವಿಲ್ಲವೆಂದು ಆಸ್ಪತ್ರೆ ವಾಪಸು ಕಳಿಸುವಂತಿಲ್ಲ. ಹೀಗೆ ವಿಮೆಯಿಲ್ಲದವರ ಬಿಲ್ಲನ್ನು ತೀರಿಸಲು ರಾಜ್ಯದಲ್ಲೊಂದು ನಿಧಿಯೇ ಇತ್ತು. ಅದಕ್ಕೆ ಹಣ ಬರುತ್ತಿದ್ದುದು ಕೊನೆಗೆ ವಿಮೆ ಇದ್ದವರಿಂದಲೂ ತೆರಿಗೆ ಕಟ್ಟುವವರಿಂದಲೂ. ರಾಮ್ನಿ ಅಧಿಕಾರಕ್ಕೆ ಬಂದಾಗ ಸುಮಾರು 5 ಲಕ್ಷ ಮಂದಿಗೆ ವಿಮೆ ಇರಲಿಲ್ಲ. ಅದರ ಮೇಲೆ, ಬಡವರ ಚಿಕಿತ್ಸೆಗೆ ಕೇಂದ್ರವೂ ರಾಜ್ಯವೂ ಸೇರಿ ಹಣ ಕೊಡುವ ಮೆಡಿಕೇಡ್ ಯೋಜನೆಯ ಒಪ್ಪಂದದಡಿ ಕೊಡುತ್ತಿದ್ದ ವರ್ಷಕ್ಕೆ 38.5 ಕೋಟಿ ಡಾಲರ್ ಮೊತ್ತವನ್ನು ನಿಲ್ಲಿಸುವುದಾಗಿ ಕೇಂದ್ರ ಸರ್ಕಾರ ಎಚ್ಚರಿಸಿತ್ತು; ಆಗ ವಾಷಿಂಗ್ಟನ್ನಿನಲ್ಲಿ ಇದ್ದದ್ದೂ ರಿಪಬ್ಲಿಕನ್ ಅಧ್ಯಕ್ಷರೇ ಎಂಬುದನ್ನು ಟೀಕಾಕಾರರು ನೆನಪಿಡಬೇಕು. ಆಸ್ಪತ್ರೆಗಳಿಗೆ ಹೋಗುತ್ತಿದ್ದ ಆ ಹಣವನ್ನು ಜನರು ವಿಮೆ ಕೊಳ್ಳಲು ನೆರವಾಗುವಂತೆ ತಿರುಗಿಸೋಣ, ಕೊಳ್ಳಲು ಶಕ್ತಿಯಿದ್ದವರು ಕೊಳ್ಳಲೇಬೇಕೆಂದು ನಿಯಮ ಮಾಡೋಣ, ಖಾಸಗಿ ಕಂಪನಿಗಳ ಯೋಜನೆಗಳನ್ನು ಒಂದೇ ಕಡೆ ಮಾರೋಣ ಎಂಬುದು ರಾಮ್ನಿ ಅವರ ಯೋಚನೆಯ ತಿರುಳು.

2006ರ ಏಪ್ರಿಲ್ 12ರಂದು ಬಾಸ್ಟನ್ನಿನ ಫ್ಯಾನ್ಯುಯಲ್ ಹಾಲ್‌ನಲ್ಲಿ, ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಎಡ್ವರ್ಡ್ ಕೆನಡಿ ಅವರ ಸಮ್ಮುಖದಲ್ಲಿ ರಾಮ್ನಿ ಈ ಕಾನೂನಿಗೆ ಸಹಿ ಹಾಕಿದರು. ಕೆಳಮನೆಯಲ್ಲಿ 154 ಮತಗಳು ಪರವಾಗಿ, 2 ವಿರುದ್ಧ. ರಾಜ್ಯ ಸೆನೆಟ್‌ನಲ್ಲಿ 37 ಪರವಾಗಿ, ವಿರುದ್ಧ ಒಂದೂ ಇಲ್ಲ. ಅಂದರೆ ಆ ಶಾಸನಸಭೆಯ ರಿಪಬ್ಲಿಕನ್ನರೂ ಒಪ್ಪಿದ್ದರು. ಕಾನೂನಿನ ಎಂಟು ಭಾಗಗಳನ್ನು ರಾಮ್ನಿ ತಡೆಹಿಡಿದರು. 11 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಯು ವಿಮೆಗೆ ನೆರವಾಗದಿದ್ದರೆ ಪ್ರತಿ ಕೆಲಸಗಾರನ ಲೆಕ್ಕದಲ್ಲಿ ವರ್ಷಕ್ಕೆ 295 ಡಾಲರ್ ಕಟ್ಟಬೇಕೆಂಬ ಅಂಶವೂ ಅದರಲ್ಲಿ ಸೇರಿತ್ತು. ಡೆಮಾಕ್ರಟರ ಭಾರಿ ಬಹುಮತದ ಸಭೆ ಆ ಎಲ್ಲ ತಡೆಗಳನ್ನೂ ತಳ್ಳಿಹಾಕಿತು. ಸಣ್ಣ ಉದ್ಯಮಿಗಳ ಮೇಲೆ ರಾಮ್ನಿ ಹೊರೆ ಹೊರಿಸಿದರು ಎನ್ನುವವರು, ಅವರು ಬೇಡವೆಂದು ಬರೆದುಕೊಟ್ಟದ್ದನ್ನೂ ಅವರ ಲೆಕ್ಕಕ್ಕೇ ಬರೆಯುತ್ತಿದ್ದಾರೆ.

2010ರಲ್ಲಿ ಅಧ್ಯಕ್ಷ ಒಬಾಮ ಅವರು ಇದೇ ಮಾದರಿಯ ಆರೋಗ್ಯ ಕಾನೂನನ್ನು ದೇಶಕ್ಕೆಲ್ಲ ತಂದ ಮೇಲೆ, 2012ರ ಅಧ್ಯಕ್ಷ ಚುನಾವಣೆಗೆ ರಿಪಬ್ಲಿಕನ್ ಅಭ್ಯರ್ಥಿಯಾಗಲು ಹೊರಟ ರಾಮ್ನಿ ಮೇಲೆ ಪಕ್ಷದೊಳಗಿನ ದಾಳಿ ಶುರುವಾಯಿತು. 2011ರ ಜೂನ್‌ನಲ್ಲಿ ಮಿನ್ನೆಸೋಟದ ಮಾಜಿ ಗವರ್ನರ್ ಟಿಮ್ ಪಾಲೆಂಟಿ ಎರಡೂ ಹೆಸರುಗಳನ್ನು ಬೆಸೆದು ‘ಒಬಾಮ್ನಿಕೇರ್’ ಎಂದು ಹಂಗಿಸಿದರು, ಮರುದಿನವೇ ನ್ಯೂ ಹ್ಯಾಂಪ್‌ಶೈರ್‌ನ ಚರ್ಚೆಯಲ್ಲಿ ರಾಮ್ನಿ ಎದುರಿಗೇ ನಿಂತಾಗ ಅದನ್ನು ಗಟ್ಟಿಯಾಗಿ ಹೇಳಲು ಹಿಂಜರಿದರು. ಅಭ್ಯರ್ಥಿತನಕ್ಕೆ ಇನ್ನೊಬ್ಬ ಸ್ಪರ್ಧಿಯಾಗಿದ್ದ ಮಾಜಿ ಸೆನೆಟರ್ ರಿಕ್ ಸ್ಯಾಂಟೋರಮ್ 2012ರ ಪ್ರಚಾರದುದ್ದಕ್ಕೂ, ಈ ಕಾನೂನು ಮಾಡಿದ ವ್ಯಕ್ತಿ ಒಬಾಮ ವಿರುದ್ಧ ನಿಲ್ಲಲು ಯೋಗ್ಯನೇ ಅಲ್ಲ ಎಂದು ವಾದಿಸಿದರು. ಅವರ ಮುಖ್ಯ ಆಕ್ಷೇಪ ವಿಮೆಯ ಕಡ್ಡಾಯದ ಮೇಲೆ: ಪ್ರಜೆ ಒಂದು ವಸ್ತುವನ್ನು ಕೊಳ್ಳಲೇಬೇಕೆಂದು ಸರ್ಕಾರ ಹೇಳುವುದು ಸ್ವಾತಂತ್ರ್ಯಹರಣ ಎಂಬುದು.

ಈ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಕಡ್ಡಾಯ ವಿಮೆಯ ವಿಚಾರವನ್ನು ಪ್ರಚಾರಕ್ಕೆ ತಂದದ್ದು ಯಾರು? 1989ರಲ್ಲಿ ಸಂಪ್ರದಾಯವಾದಿಗಳ ಚಿಂತನಾ ಕೂಟವಾದ ಹೆರಿಟೇಜ್ ಫೌಂಡೇಷನ್ ಅದನ್ನು ಮುಂದಿಟ್ಟಿತು. 1993ರಲ್ಲಿ ರಿಪಬ್ಲಿಕನ್ ಸೆನೆಟರ್ ಜಾನ್ ಚೇಫಿ ಮಂಡಿಸಿದ ಮಸೂದೆಯಲ್ಲಿಯೂ ಅದು ಇತ್ತು. ತನ್ನ ಖರ್ಚನ್ನು ಪಕ್ಕದವನ ಮೇಲೆ ಹಾಕಬಾರದೆಂಬ ವೈಯಕ್ತಿಕ ಹೊಣೆಗಾರಿಕೆಯ ತತ್ತ್ವ ಆ ಪಕ್ಷದ ಹಳೆಯ ಆಸ್ತಿ. ಶಕ್ತಿಯಿದ್ದೂ ವಿಮೆ ಕೊಳ್ಳದೆ, ಅಪಘಾತವಾದಾಗ ಆಸ್ಪತ್ರೆಗೆ ಹೋಗಿ, ಬಿಲ್ಲನ್ನು ಊರವರ ತಲೆಗೆ ಕಟ್ಟುವವನ ಸ್ವಾತಂತ್ರ್ಯವನ್ನು ಕಾಯಲು ಹೊರಟವರು, ಅವನ ಬಿಲ್ಲು ತೆರುವವನ ಸ್ವಾತಂತ್ರ್ಯದ ಬಗ್ಗೆ ಏನು ಹೇಳುತ್ತಾರೆ? ರಾಮ್ನಿ ಕೇಳಿದ ಈ ಪ್ರಶ್ನೆಗೆ ತೃಪ್ತಿಕರ ಉತ್ತರ ಅವರ ಪಕ್ಷದಲ್ಲಿ ಯಾರಿಂದಲೂ ಬಂದದ್ದನ್ನು ನಾನು ಕಂಡಿಲ್ಲ.

ಕಡ್ಡಾಯವೆಂಬುದು ಬಳಕೆದಾರನಿಗೆ ಹೇಗೆ ಕಾಣುತ್ತದೆ ಎಂಬುದನ್ನೂ ಹೇಳಬೇಕು. ಜನವರಿಯಲ್ಲಿ ವಿಮಾ ಕಂಪನಿಯಿಂದ 1099-ಎಚ್‌ಸಿ ಎಂಬ ಒಂದು ಹಾಳೆ ಬರುತ್ತದೆ. ಯಾವ ಯಾವ ತಿಂಗಳು ವಿಮೆ ಇತ್ತೆಂಬುದು ಅದರಲ್ಲಿರುತ್ತದೆ. ಅದನ್ನು ನೋಡಿಕೊಂಡು ರಾಜ್ಯದ ತೆರಿಗೆ ವಿವರದ ಶೆಡ್ಯೂಲ್ ಎಚ್‌ಸಿ ತುಂಬಿದರೆ ಮುಗಿಯಿತು. ಸತತ ಮೂರು ತಿಂಗಳವರೆಗೆ ವಿಮೆ ತಪ್ಪಿದರೂ ದಂಡವಿಲ್ಲ, ಆದಾಯ ತೀರಾ ಕಡಿಮೆ ಇದ್ದವರಿಗೆ ದಂಡವೇ ಇಲ್ಲ. ನಿಯಮ ಜಾರಿಗೆ ಬಂದ 2007ರಲ್ಲಿ ದಂಡ 219 ಡಾಲರ್ ಆಗಿತ್ತು. ಮನೆ ಬಾಗಿಲಿಗೆ ಯಾವ ಅಧಿಕಾರಿಯೂ ಬರುವುದಿಲ್ಲ. ರಾಷ್ಟ್ರಮಟ್ಟದ ದಂಡವನ್ನು 2019ರಿಂದ ಶೂನ್ಯಕ್ಕಿಳಿಸಿದ ಮೇಲೂ ಮ್ಯಾಸಚೂಸೆಟ್ಸ್ ತನ್ನ ನಿಯಮವನ್ನು ಉಳಿಸಿಕೊಂಡಿದೆ.

ಫಲಿತಾಂಶದ ವಿಷಯದಲ್ಲಿ ಹೆಚ್ಚು ವಾದ ಬೇಕಿಲ್ಲ. 2019ರಲ್ಲಿ ದೇಶದಾದ್ಯಂತ ಶೇ. 9.2ರಷ್ಟು ಜನರಿಗೆ ವಿಮೆ ಇರಲಿಲ್ಲ. ಇಲ್ಲಿ ಆ ಪ್ರಮಾಣ ಶೇ. 3, ಎಲ್ಲ ರಾಜ್ಯಗಳಿಗಿಂತ ಕಡಿಮೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆ ರಾಜ್ಯಗಳ ಇದೇ ಬಗೆಯ ಜಿಲ್ಲೆಗಳೊಡನೆ ಹೋಲಿಸಿ ನೋಡಿ, ಸುಧಾರಣೆಯ ನಂತರ ಇಲ್ಲಿನ ವಯಸ್ಕರ ಸಾವಿನ ಪ್ರಮಾಣ ಶೇ. 2.9ರಷ್ಟು ಇಳಿದಿದೆ, ಅಂದರೆ ಹೊಸದಾಗಿ ವಿಮೆ ಪಡೆದ ಪ್ರತಿ 830 ಮಂದಿಗೆ ಒಂದು ಸಾವು ತಪ್ಪಿದೆ ಎಂದು ಲೆಕ್ಕ ಹಾಕಿತು. ಉದ್ಯೋಗದಾತರು ವಿಮೆ ಕೊಡುವುದನ್ನೇ ಕೈಬಿಡುತ್ತಾರೆಂಬ ಭಯವೂ ನಿಜವಾಗಲಿಲ್ಲ.

ಹಾಗೆಂದು ಸೇವೆಯಲ್ಲಿ ಕುಂದುಗಳಿಲ್ಲವೆಂದಲ್ಲ. ಪ್ರೀಮಿಯಂ ದುಬಾರಿ. ಕಾನೂನು ವಿಮೆಯನ್ನು ಹರಡಿತೇ ಹೊರತು ಚಿಕಿತ್ಸೆಯ ಬೆಲೆಯನ್ನು ತಗ್ಗಿಸಲಿಲ್ಲ, ಅದಕ್ಕಾಗಿ 2012ರಲ್ಲಿ ಇನ್ನೊಂದು ಕಾನೂನು ತರಬೇಕಾಯಿತು. ವೆಚ್ಚದ ಬಗ್ಗೆ ಪಕ್ಷದ ಟೀಕಾಕಾರರು ಆಡಿದ ಮಾತಿನಲ್ಲಿ ಇಷ್ಟು ಸತ್ಯವಿದೆ. ಅಗ್ಗದ ಯೋಜನೆಗಳಲ್ಲಿ ಆಸ್ಪತ್ರೆಗಳ ಪಟ್ಟಿ ಚಿಕ್ಕದು, ಆದ್ದರಿಂದ ನಿಮ್ಮ ವೈದ್ಯರ ಹೆಸರು ಅದರಲ್ಲಿದೆಯೇ ಎಂದು ನೋಡದೆ ಹಣ ಕಟ್ಟಬೇಡಿ. 2009ರಲ್ಲಿ ಹಣದ ಕೊರತೆಯ ನೆಪದಲ್ಲಿ, ಕಾನೂನುಬದ್ಧವಾಗಿ ನೆಲೆಸಿದ್ದ 25,000ಕ್ಕೂ ಹೆಚ್ಚು ವಲಸಿಗರನ್ನು ಸಹಾಯಧನದ ವಿಮೆಯಿಂದ ಹೊರಹಾಕಲಾಯಿತು. ರಾಜ್ಯದ ಸರ್ವೋಚ್ಚ ನ್ಯಾಯಾಲಯ 2012ರ ಜನವರಿಯಲ್ಲಿ ಅದು ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ನಮ್ಮಂಥ ವಲಸಿಗರು ಮರೆಯಬಾರದ ಪ್ರಕರಣ ಅದು. 2013ರ ಅಕ್ಟೋಬರ್‌ನಲ್ಲಿ, ರಾಷ್ಟ್ರೀಯ ಕಾನೂನಿಗೆ ಹೊಂದುವಂತೆ ಮಾಡಿಸಿದ ಹೊಸ ಜಾಲತಾಣ ಸಂಪೂರ್ಣ ಕೈಕೊಟ್ಟಿತು. ಈ ಎರಡೂ ನಡೆದದ್ದು ರಾಮ್ನಿ ಇಳಿದು ಡೆಮಾಕ್ರಟಿಕ್ ಗವರ್ನರ್ ಬಂದ ಮೇಲೆ. ಕೆಟ್ಟುಹೋದದ್ದನ್ನು ಸರಿಪಡಿಸುವ ಹೊಣೆ 2015ರಲ್ಲಿ ಅಧಿಕಾರ ಹಿಡಿದ ಚಾರ್ಲಿ ಬೇಕರ್ ಅವರ ಪಾಲಿಗೆ ಬಂತು. ಹಿಂದೆ ವಿಮಾ ಸಂಸ್ಥೆಯೊಂದನ್ನು ನಡೆಸಿದ್ದ ಅವರೂ ರಿಪಬ್ಲಿಕನ್. ಅವರು ಕನೆಕ್ಟರ್ ಅನ್ನು ಮುಚ್ಚಲಿಲ್ಲ, ರಿಪೇರಿ ಮಾಡಿದರು.

ರಾಜ್ಯಕ್ಕೆ ಒಪ್ಪುವುದನ್ನು ದೇಶಕ್ಕೆಲ್ಲ ಹೇರಬಾರದು ಎಂದು ರಾಮ್ನಿ 2011ರ ಮೇ ತಿಂಗಳಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಭಾಷಣದಲ್ಲಿ ವಿವರಿಸಿದರು. ಪಕ್ಷದವರಿಗೆ ಅದು ನುಣುಚಿಕೊಳ್ಳುವ ಮಾತಾಗಿ ಕಂಡಿತು. ರಾಜ್ಯಗಳ ಹಕ್ಕನ್ನೇ ಉಸಿರಾಡುವ ಪಕ್ಷಕ್ಕೆ ಹಾಗೆ ಕಾಣಬಾರದಿತ್ತು. ಕ್ಷಮೆ ಕೇಳಿ, ಕಾನೂನು ತಪ್ಪಾಯಿತೆಂದು ಹೇಳಿದ್ದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಅವರ ದಾರಿ ಸಲೀಸಾಗುತ್ತಿತ್ತು. ಅವರು ಹೇಳಲಿಲ್ಲ. ಶಾಸನಭವನದಲ್ಲಿರುವ ಅವರ ಅಧಿಕೃತ ಭಾವಚಿತ್ರದಲ್ಲಿ ಮೇಜಿನ ಮೇಲೆ ಎರಡು ವಸ್ತುಗಳನ್ನು ಕಾಣಬಹುದು: ಪತ್ನಿಯ ಫೋಟೊ, ಮತ್ತು ವೈದ್ಯಕೀಯ ಲಾಂಛನವಿರುವ ಚರ್ಮದ ಹೊದಿಕೆಯ ಒಂದು ಕಡತ. ಆ ಕಡತ ಈ ಕಾನೂನಿನದು.

ಬಳಸಲಿರುವವರಿಗೆ ಕೊನೆಯದಾಗಿ ದಿನಾಂಕಗಳ ವಿಷಯ. ನನ್ನ ಅನುಭವದಲ್ಲಿ ಎಲ್ಲರಿಗೂ ತೆರೆದಿರುವ ನೋಂದಣಿ ನವೆಂಬರ್ 1ರಿಂದ ಜನವರಿ 23ರವರೆಗೆ ನಡೆಯುತ್ತಿತ್ತು. ಆಯಾ ವರ್ಷದ ದಿನಾಂಕವನ್ನು ಜಾಲತಾಣದಲ್ಲಿ ನೋಡಿಕೊಳ್ಳಿ. ಕೆಲಸ ಹೋಗಿ ವಿಮೆ ತಪ್ಪಿದವರಿಗೂ, ತಂದೆತಾಯಿಯನ್ನು ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಂಡವರಿಗೂ ವರ್ಷದ ಯಾವುದೇ ಕಾಲದಲ್ಲಿ ಅವಕಾಶವಿದೆ, ಆದರೆ 60 ದಿನಗಳೊಳಗೆ ಅರ್ಜಿ ಹಾಕಬೇಕು. ಊರಿಂದ ಬಂದವರ ಜೆಟ್‌ಲ್ಯಾಗ್ ಇಳಿಯಲಿ ಎಂದು ಕಾಯದೆ, ಅವರ ವಲಸೆ ದಾಖಲೆಗಳ ಪ್ರತಿಯನ್ನು ಮೊದಲ ವಾರದಲ್ಲೇ ಅಪ್‌ಲೋಡ್ ಮಾಡಿಬಿಡಿ.