ಶಾರ್ಲಟ್ಸ್‌ವಿಲ್‌ನ ಹಳೆಯ ಹಾಸ್ಟೆಲ್ ಸಾಲು: ಹಿಂಬದಿಯಿಂದ ಶುರು ಮಾಡಿ

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಹಳೆಯ ಆವರಣಕ್ಕೆ ಟಿಕೆಟ್ ಇಲ್ಲ. ರೊಟುಂಡಾ ಕಟ್ಟಡದ ಒಳಗೂ ದುಡ್ಡು ಕೇಳುವುದಿಲ್ಲ. ಆದರೂ ಬಹಳಷ್ಟು ಜನ ಆ ಗುಂಬಜಿನ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಒಂದು ಬಸ್ ಪ್ರವಾಸದವರು ನಮಗೂ ಹಾಗೇ ಮಾಡಿದ್ದರು. ಇಳಿಸಿದರು, ಸ್ವಲ್ಪ ಹೊತ್ತಿಗೇ ಮತ್ತೆ ಹತ್ತಿಸಿದರು. ಆಮೇಲೆ ಮಗಳ ಜೊತೆ ರಿಚ್ಮಂಡ್‌ನಿಂದ ಕಾರಲ್ಲಿ ಹೋಗಿ ಇಡೀ ದಿನ ನೋಡಿದೆ. ಧಾರವಾಡದಲ್ಲಿ ಹುಡುಗಿಯರ ಹಾಸ್ಟೆಲ್ ವಾರ್ಡನ್ ಆಗಿದ್ದವಳು ನಾನು. ಮಕ್ಕಳು ಎಲ್ಲಿ ಮಲಗುತ್ತಿದ್ದರು, ಏನು ತಿನ್ನುತ್ತಿದ್ದರು, ನೀರು ಯಾರು ತರುತ್ತಿದ್ದರು ಅನ್ನುವುದೇ ನನಗೆ ಮೊದಲು ಬೇಕು.

ಅದಕ್ಕೇ ಹೇಳುವುದು, ಹಿಂದಿನ ಸಾಲಿನಿಂದ ಶುರು ಮಾಡಿ. ಅದರ ಹೆಸರು ವೆಸ್ಟ್ ರೇಂಜ್. ಇಟ್ಟಿಗೆಯ ಕಮಾನುಗಳ ಹಿಂದೆ ಒಂದರ ಪಕ್ಕ ಒಂದು ಸಣ್ಣ ಕೋಣೆ. 13ನೇ ನಂಬರಿನಲ್ಲಿ ಮುಂದೆ ದೊಡ್ಡ ಕವಿ, ಕಥೆಗಾರನಾದ ಎಡ್ಗರ್ ಆಲನ್ ಪೋ ಇದ್ದ ಎನ್ನುತ್ತಾರೆ. ಗಾಜಿನ ಬಾಗಿಲ ಹೊರಗೆ ನಿಂತು ನೋಡಬಹುದು, ಒಳಗೆ ಹಳೆಯ ಕಾಲದ ಮಂಚ, ಮೇಜು ಇಟ್ಟಿದ್ದಾರೆ. 1826ರ ಫೆಬ್ರವರಿಯಲ್ಲಿ ಸೇರಿದಾಗ ಅವನಿಗೆ 17 ವರ್ಷ. ಸಾಕುತಂದೆ ಕಳಿಸಿದ ಹಣ ಸಾಲಲಿಲ್ಲ, ಜೂಜಾಡಿ ದೊಡ್ಡ ಸಾಲ ಮಾಡಿಕೊಂಡ, ಆ ವರ್ಷದ ಕೊನೆಗೇ ಬಿಟ್ಟುಹೋದ. ಕೊನೆಯ ರಾತ್ರಿ ಚಳಿಗೆ ಮೇಜನ್ನೇ ಮುರಿದು ಬೆಂಕಿಗೆ ಹಾಕಿದ್ದನ್ನು ಅವನ ಸಹಪಾಠಿ ವರ್ಟನ್‌ಬೇಕರ್ ಎಷ್ಟೋ ವರ್ಷಗಳ ಮೇಲೆ ನೆನೆದಿದ್ದಾನೆ. ಮನೆಯಿಂದ ಹಣ ಬಾರದೆ ಒದ್ದಾಡುವ ಮಕ್ಕಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅಲ್ಲಿಂದ ಹೆಜ್ಜೆ ಕೀಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅದೇ ಸಾಲಿನಲ್ಲಿ 'ಹೋಟೆಲ್ ಸಿ' ಇದೆ. ಆಗಿನ ಹೋಟೆಲ್‌ಗಳು ಹುಡುಗರ ಮೆಸ್. ಊಟದ ಮನೆಗಳನ್ನು ಫ್ರೆಂಚ್ ಕುಟುಂಬಗಳು ನಡೆಸಲಿ, ಹುಡುಗರು ಊಟ ಮಾಡುತ್ತಲೇ ಫ್ರೆಂಚ್ ಕಲಿಯಲಿ ಎಂದು ಈ ವಿಶ್ವವಿದ್ಯಾಲಯ ಸ್ಥಾಪಿಸಿದ ಥಾಮಸ್ ಜೆಫರ್ಸನ್‌ಗೆ ಆಸೆಯಿತ್ತಂತೆ. ಎಂಥ ಚೆಂದದ ಯೋಚನೆ ಅಲ್ವಾ? ಈಗ ಇಲ್ಲಿ ಜೆಫರ್ಸನ್ ಸೊಸೈಟಿ ಸೇರುತ್ತದೆ. 1825ರ ಜುಲೈ 14ರಂದು ವಿದ್ಯಾರ್ಥಿಗಳೇ ಕಟ್ಟಿಕೊಂಡ ಚರ್ಚಾಕೂಟ ಅದು. ಪೋ ಕೂಡ ಸದಸ್ಯನಾಗಿದ್ದ. 1880ರಲ್ಲಿ ವುಡ್ರೋ ವಿಲ್ಸನ್ ಇಲ್ಲಿ ಚರ್ಚೆ ಮಾಡಿದಾಗ ಚರ್ಚಾಪಟುವಿನ ಪದಕ ವಿಲಿಯಂ ಕ್ಯಾಬೆಲ್ ಬ್ರೂಸ್‌ಗೆ ಹೋಯಿತು, ಮುಂದೆ ದೇಶದ ಅಧ್ಯಕ್ಷನಾಗಲಿದ್ದ ವಿಲ್ಸನ್‌ಗೆ ಭಾಷಣದ ಪದಕ. ಪಾಠದ ಹೊರಗೆ ಹುಡುಗರು ತಾವೇ ವಿಷಯ ಆರಿಸಿ, ತಾವೇ ತೀರ್ಪು ಕೊಟ್ಟು ಬೆಳೆದ ಜಾಗ ಇದು. ನನಗೆ ಇಡೀ ಆವರಣದಲ್ಲಿ ಇದೇ ಜಾಸ್ತಿ ಇಷ್ಟವಾಯಿತು.

ಆದರೆ ಆ ಹುಡುಗರ ಒಲೆ ಹಚ್ಚಿದವರು, ಬೂದಿ ತೆಗೆದವರು, ನೀರು ಹೊತ್ತವರು ಗುಲಾಮರು. ವಿದ್ಯಾರ್ಥಿಗಳು ತಮ್ಮ ಗುಲಾಮರನ್ನು ಕರೆತರುವಂತಿರಲಿಲ್ಲ. ಮೆಸ್ ನಡೆಸುವವರ ಗುಲಾಮರೇ ಎಲ್ಲ ಮಾಡುತ್ತಿದ್ದರು. ರೊಟುಂಡಾದ ಪೂರ್ವಕ್ಕೆ ಸ್ವಲ್ಪ ನಡೆದರೆ ಅವರ ಸ್ಮಾರಕ ಸಿಗುತ್ತದೆ. ಕಟ್ಟಿದ್ದು 2020ರಲ್ಲಿ. ಸುಮಾರು 4,000 ಜನರಿಗಾಗಿ ಕಲ್ಲಿನಲ್ಲಿ ಗೆರೆ ಕೊರೆದಿದ್ದಾರೆ. ಹೆಚ್ಚಿನ ಗೆರೆಗಳ ಮೇಲೆ ಹೆಸರಿಲ್ಲ. ಇದನ್ನು ಬಿಟ್ಟು ಬಂದರೆ ಈ ಹಾಸ್ಟೆಲ್ ನೋಡಿದ ಹಾಗೇ ಅಲ್ಲ. ಚಾಪೆಲ್ (ಪ್ರಾರ್ಥನಾ ಮಂದಿರ) ಹತ್ತಿರ ಹೆನ್ರಿ ಮಾರ್ಟಿನ್ ಹೆಸರಿನ ಫಲಕವನ್ನೂ ಹುಡುಕಿ. ಹುಟ್ಟಿನಿಂದ ಗುಲಾಮ, ಬಿಡುಗಡೆಯ ನಂತರ 1909ರವರೆಗೆ ಇಲ್ಲಿ ಗಂಟೆ ಬಾರಿಸಿದವರು. 1895ರ ಅಕ್ಟೋಬರಿನಲ್ಲಿ ರೊಟುಂಡಾಕ್ಕೆ ಬೆಂಕಿ ಬಿದ್ದಾಗ ಊರನ್ನು ಎಬ್ಬಿಸಿದ್ದೂ ಅವರ ಗಂಟೆಯೇ.

ರೊಟುಂಡಾ ಕೊನೆಗಿರಲಿ. ಮೇಲಿನ ಗುಂಬಜಿನ ಕೋಣೆ ಮೊದಲು ಗ್ರಂಥಾಲಯವಾಗಿತ್ತು. ಈಗ ಕಾಣುವ ಒಳಾಂಗಣ 1970ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಕೆಳಗಡೆ ರಸಾಯನಶಾಸ್ತ್ರದ ಹಳೆಯ ಒಲೆಯೊಂದಿದೆ. ಗೋಡೆಯೊಳಗೆ ಮುಚ್ಚಿಹೋಗಿದ್ದರಿಂದ ಬೆಂಕಿಯಲ್ಲಿ ಉಳಿಯಿತು, ಈಚಿನ ದುರಸ್ತಿಯಲ್ಲಿ ಸಿಕ್ಕಿತು. ಸುಮ್ನೆ ದಾಟಿ ಹೋಗಬೇಡಿ, 1820ರ ದಶಕದ ಹುಡುಗರು ಪ್ರಯೋಗ ಕಲಿತ ಜಾಗ ಅದು.

ಮುಂದಿನ ಹುಲ್ಲುಹಾಸಿನ ಎರಡೂ ಬದಿ ಸೇರಿ 54 ಕೋಣೆ. ಅಲ್ಲಿ ಇವತ್ತಿಗೂ ವಿದ್ಯಾರ್ಥಿಗಳಿದ್ದಾರೆ, ಸ್ನಾನಕ್ಕೆ ಕೋಣೆಯಿಂದ ಹೊರಗೆ ನಡೆಯಬೇಕು. ಬಾಗಿಲು ತೆರೆದಿದ್ದರೂ ಇಣುಕಬೇಡಿ. ಈ ಹುಲ್ಲುಹಾಸಿನಲ್ಲೇ 1840ರಲ್ಲಿ ಮುಸುಕು ಹಾಕಿದ ವಿದ್ಯಾರ್ಥಿಯೊಬ್ಬ ಪ್ರೊಫೆಸರ್ ಡೇವಿಸ್‌ಗೆ ಗುಂಡು ಹೊಡೆದು ಕೊಂದದ್ದು. ಅದಾದ ಮೇಲೂ 1842ರಲ್ಲಿ ಬಂದ ನಿಯಮ ಕಾವಲು ಹೆಚ್ಚಿಸಲಿಲ್ಲ, ಪರೀಕ್ಷೆಯಲ್ಲಿ ಯಾರ ಸಹಾಯವನ್ನೂ ಪಡೆದಿಲ್ಲ ಎಂದು ಹುಡುಗರು ಕೊಟ್ಟ ಮಾತನ್ನೇ ನಂಬಿತು. ವಾರ್ಡನ್ ಆಗಿದ್ದವಳಿಗೆ ಇದರ ಧೈರ್ಯ ಗೊತ್ತಾಗುತ್ತದೆ.

ಮೆತ್ತನೆ ಚಪ್ಪಲಿ ಹಾಕಿಕೊಳ್ಳಿ, ಇಟ್ಟಿಗೆ ದಾರಿ ಏರುಪೇರಾಗಿದೆ. ರೊಟುಂಡಾದಲ್ಲಿ ಲಿಫ್ಟ್ ಇದೆ. ಪಾರ್ಕಿಂಗ್‌ಗೆ ಮಾತ್ರ ಖರ್ಚಾಗುತ್ತದೆ. ಆಗುವುದಾದರೆ ಕಾಲೇಜು ನಡೆಯುವ ತಿಂಗಳಲ್ಲಿ ಶುಕ್ರವಾರವೇ ಹೋಗಿ. ಆ ಸಂಜೆ 7:29ಕ್ಕೆ ಹೋಟೆಲ್ ಸಿಯಲ್ಲಿ ಸೊಸೈಟಿಯ ಸಭೆ ಶುರುವಾಗುತ್ತದೆ, ಹೊರಗಿನವರೂ ಕೂತು ಕೇಳಬಹುದು.